ಒದ್ದೆ ಕೂದಲ ಸುಳ್ಳು

ಒದ್ದೆ ಕೂದಲು ಸುಳ್ಳು ಹೇಳುತ್ತೆ ಮಗಳೇ, ಅನ್ನುತ್ತಿದ್ದ ಅಪ್ಪ.
ಮೂವತ್ತು ವರ್ಷ ಕುರಿಯ ಉಣ್ಣೆ ಕತ್ತರಿಸಿದವನ ಮಾತು.
ಯಾಸ್ನಾ ಮರೆತಳು.

ಪುಂತಾ ಅರೇನಸ್, ರಾತ್ರಿ ಹತ್ತೂವರೆ.
ಮನೆಯಲ್ಲಿರುವುದೊಂದೇ ಕತ್ತರಿ, ಏಡಿಯ ಕಾಲು ಸೀಳುವಂಥದು.
ನಿಂಬೆ ತಿಕ್ಕಿ ಮೂರು ಸಲ ತೊಳೆದರೂ
ಬಾಯಲ್ಲಿ ಕಡಲು ಇಟ್ಟುಕೊಂಡೇ ಇತ್ತು.
ಬಾಚಣಿಗೆಯ ಬಾಲದಿಂದ ತ್ರಿಕೋನ ತೆಗೆದಳು,
ಮಿಕ್ಕ ಕೂದಲಿಗೆ ಬಟ್ಟೆ ಒಣಹಾಕುವ ಕ್ಲಿಪ್ಪು.
ಕೆಟಲಿನ ಆವಿಗೆ ಕನ್ನಡಿ ಮಂಜಾಗುತ್ತಿತ್ತು,
ಮೊಣಕೈಯಿಂದ ಒರೆಸಿದಷ್ಟೂ.

ನಾಳೆ ಒಂಬತ್ತಕ್ಕೆ ಗುರುತಿನ ಚೀಟಿಯ ಫೋಟೋ.
ಇನ್ನು ಹತ್ತು ವರ್ಷ ಅದೇ ಮುಖ,
ನಲವತ್ತೊಂದರಲ್ಲಿ ನಿಂತು ಐವತ್ತೊಂದನ್ನು ಕಾಯುವ ಮುಖ.
ಹಳೆಯದರಲ್ಲಿ ಹಣೆ ಬರಿದೋ ಬರಿದು,
ದೋಣಿಗಳೆಲ್ಲ ಹೋದಮೇಲಿನ ದಂಡೆ.
ಮೀರ್ಕೊ ಬಿಟ್ಟುಹೋದ ವಾರ ಅದು.
ನಗಬೇಡಿ, ಅಂದಿದ್ದರು ಕ್ಯಾಮೆರಾದವರು.
ಯಾಕೋ ಅದಕ್ಕೇ ನಗು ಬಂದಿತ್ತು.

ಅಡ್ಡಡ್ಡ ಕತ್ತರಿಸಬಾರದು,
ಕತ್ತರಿ ನೆಟ್ಟಗೆ ಹಿಡಿದು ತುದಿ ಕುಕ್ಕಬೇಕು,
ಕೋಳಿ ಕಾಳು ಹೆಕ್ಕಿದ ಹಾಗೆ.
ಅಷ್ಟು ಗೊತ್ತಿತ್ತು. ಕುಕ್ಕಿದಳು.
ಎಡಕ್ಕೆ ಒಂದೆಳೆ ಉದ್ದ.
ಅದರ ಸಮಕ್ಕೆ ಬಲಕ್ಕೆ. ಬಲದ ಸಮಕ್ಕೆ ಮತ್ತೆ ಎಡಕ್ಕೆ.
ಎರಡು ಬೆಕ್ಕಿಗೆ ಬೆಣ್ಣೆ ಹಂಚಿದ ಕೋತಿಯ ತಕ್ಕಡಿ;
ಬೆಣ್ಣೆಯೆಲ್ಲ ವಾಷ್‌ಬೇಸಿನ್ನಿಗೆ.

ಒಣಗಿತು. ಒಣಗುತ್ತಾ ಮೇಲಕ್ಕೆದ್ದಿತು
ಎರಡು ಬೆರಳು,
ಇಲ್ಲ, ಎರಡೂವರೆ.
ಎಡಹುಬ್ಬಿನ ನೇರಕ್ಕೆ ಅಮ್ಮನ ಕಡೆಯ ಸುಳಿ ಬೇರೆ,
ಕ್ರೊಯೇಷಿಯಾದಿಂದ ಹಡಗು ಹತ್ತಿದ ಮುತ್ತಜ್ಜಿಗೂ ಇತ್ತಂತೆ.
ಜಲಸಂಧಿಯಲ್ಲೂ ಸುಳಿಯಿದೆ.
ಅವಳು ಟಿಕೆಟ್ ಹರಿದುಕೊಡುವ ಫೆರಿ ದಿನಾ
ಅದನ್ನು ಬಳಸಿಕೊಂಡು ಹೋಗುತ್ತದೆ,
ಯಾರೂ ಜಗಳಕ್ಕೆ ನಿಲ್ಲುವುದಿಲ್ಲ.

ನೀರು. ಜೆಲ್. ದುಂಡು ಬ್ರಷ್ಷಿಗೆ ಸುತ್ತಿ ಬಿಸಿಗಾಳಿ.
ಕೊನೆಗೆ ಹಣೆಯುದ್ದಕ್ಕೂ ಸೆಲ್ಲೋಟೇಪು ಅಂಟಿಸಿ
ಮುರಿದ ಪಿಂಗಾಣಿಯಂತೆ ಅಲ್ಲಾಡದೆ ಮಲಗಿದಳು.

ಬೆಳಿಗ್ಗೆ ಬೀದಿಯ ಗಾಳಿ.
ಮೂಲೆಯ ಹಗ್ಗ ಹಿಡಿದು ರಸ್ತೆ ದಾಟುವ ದಿನ,
ಮುದುಕರು ಟೋಪಿಯನ್ನು ಎದೆಗೆ ಅವುಚಿಕೊಳ್ಳುವ ದಿನ.
ಆಫೀಸು ತಲುಪುವಷ್ಟರಲ್ಲಿ
ಮುಂಗುರುಳು ಮುಗಿಲಿಗೆ ಅರ್ಜಿ ಹಾಕಿತ್ತು.

ಒತೀಲಿಯಾ ಮೇಡಂ ಕತ್ತೆತ್ತಲಿಲ್ಲ.
"ಹಣೆ ಕಾಣಬೇಕು, ಮೆಷೀನು ಓದೋದೇ ಅದನ್ನ."
ಡ್ರಾಯರು ತೆಗೆದರು: ಬಿಸ್ಕತ್ತಿನ ಡಬ್ಬಿ,
ಡಬ್ಬಿ ತುಂಬ ಕೂದಲ ಪಿನ್ನು.
"ಎಲ್ಲರೂ ಹಿಂದಿನ ರಾತ್ರೀನೇ ಕತ್ತರಿಸ್ಕೊಂಡು ಬರ್ತೀರಿ."

ಪಿನ್ನು ಹಾಕಿದಳು. ದಂಡೆ ಮತ್ತೆ ಬಯಲು.
ನಗಬೇಡಿ, ಅಂದರು.
ಈ ಸಲವೂ ತಡವಾಗಿ ಅಂದರು.

ಪಿನ್ನು ವಾಪಸು ಕೊಡುವಾಗ ನೋಡಿದಳು,
ಅದರ ಸಂದಿನಲ್ಲಿ ಯಾರದೋ ಒಂದು ಗೇಣಷ್ಟು ಕೆಂಚು ಎಳೆ,
ಪಕ್ಕದಲ್ಲಿ ತನ್ನದು,
ಮೋಟುದ್ದ, ಕಪ್ಪು.
ಬಿಡಿಸಲು ಹೋಗಲಿಲ್ಲ.
ಡಬ್ಬಿಯೊಳಗೆ ಹಾಕಿದಳು.