ಮೀನು ತೂಗುವ ಮನೆಯಲ್ಲಿ

ಡ್ಯಾನ್ಯೂಬ್ ಕಡಲು ಸೇರುವ ಮುನ್ನ
ನೂರು ಕವಲಾಗಿ ಕೈಚೆಲ್ಲುವ ಕಡೆ
ನನ್ನ ಕೆಲಸ ಮೀನು ತೂಗುವುದು.
ಬೆಳಿಗ್ಗೆ ತಕ್ಕಡಿ, ಸಂಜೆ ಲೆಕ್ಕದ ಪುಸ್ತಕ,
ಭಾನುವಾರ ಮಾತ್ರ ಕ್ಯಾಮರಾ.

ಮೊದಲ ಚಿತ್ರವನ್ನು ಹಳೇ ಬಲೆಯ ದಾರಕ್ಕೆ
ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಸಿಕ್ಕಿಸಿದ ದಿನ
ನಿಕೀಫೊರ್ ಬುಟ್ಟಿ ಇಳಿಸಿ, ತಲೆ ಓರೆ ಮಾಡಿ ನೋಡಿದ:
"ಈ ಬಕಕ್ಕೆ ಕಾಲೆಲ್ಲಿ?"

ಕತ್ತಿತ್ತು, ಕೊಕ್ಕಿತ್ತು,
ಕಣ್ಣಿನ ಹಳದಿ ಉಂಗುರ ಕೂಡ ಇತ್ತು.
ಕಾಲು ಚೌಕಟ್ಟಿನ ಆಚೆ, ನೀರಲ್ಲೇ ಉಳಿದಿತ್ತು.
"ನೀನು ನೀರಿಗೆ ಇಳಿದಿಲ್ಲ,
ಅದಕ್ಕೇ ಅದೂ ನಿಂತಿಲ್ಲ" ಅಂದ.

ಕಾಲಿಗೆ ಬದಲು ಕಾಲು ಕಿಲೋ
ಕಡಿಮೆ ತೂಗೋಣವೆನ್ನಿಸಿತು ಅವನ ಮೀನು.
ಕೈ ಬರಲಿಲ್ಲ.

ಮುಂದಿನ ವಾರ ಎದೆಮಟ್ಟ ನೀರು,
ಜೊಂಡಿನ ಬೇರು, ಮೊಣಕಾಲ ಹಿಂದೆ ಜಿಗಣೆ,
ನೆತ್ತಿಯ ಮೇಲೆ ಬಿಂದಿಗೆಯ ಹಾಗೆ ಕ್ಯಾಮರಾ.
ಕಾಲು ಸಿಕ್ಕಿತು. ಕಾಲಿನ ನೆರಳೂ ಸಿಕ್ಕಿತು.
ಈಗ ಶಾಲೆಯ ಜಿನೋವಿಯಾ ಟೀಚರ್ ನಕ್ಕರು:
"ತಲೆಯ ಮೇಲೆ ವಿದ್ಯುತ್ ಕಂಬ ಹುಟ್ಟಿದೆಯಲ್ಲೇ,
ಪಾಪ, ಹೇಗೆ ಹೊತ್ತಿದೆ ಅದು!"
ಎರಡು ಹೆಜ್ಜೆ ಎಡಕ್ಕೆ ಸರಿದಿದ್ದರೆ
ಆಕಾಶ ಖಾಲಿಯಿತ್ತು.

ದೋಣಿಯ ಅರ್ತ್ಯೋಮ್ ಮಾತು ಕಡಿಮೆ.
"ಅವತ್ತು ಮೂಡಣ ಗಾಳಿ.
ನನ್ನ ಟೋಪಿ ಹಾರಿಹೋಯಿತು.
ನಿನ್ನ ಚಿತ್ರದಲ್ಲಿ ಒಂದು ಎಲೆಯೂ ಅಲುಗಿಲ್ಲ."
ಎಲ್ಲವನ್ನೂ ಹಿಡಿದು ನಿಲ್ಲಿಸಬಾರದು,
ಕೆಲವನ್ನು ನಡುಗಲು ಬಿಡಬೇಕು ಅಂತ
ನಾನು ಮಾಡಿಕೊಂಡ ಅರ್ಥ ಅದು;
ಅವನು ಹೇಳಿದ್ದು ಟೋಪಿಯ ವಿಷಯ.

ಬೆಕ್ಕಿಗೆ ಮೀನಿನ ತಲೆ ಕೇಳಲು ಬರುವ ಪುಟ್ಟ ಹುಡುಗಿ
ಮಿಂಚುಳ್ಳಿಯ ಕೊಕ್ಕು ಅಂಚಿಗೆ ತಾಗಿದ ಕಡೆ ಬೆರಳಿಟ್ಟಳು:
"ಇದು ಏನನ್ನ ನೋಡ್ತಿದೆ?
ಅದಕ್ಕೂ ಸ್ವಲ್ಪ ಜಾಗ ಬಿಡಬಾರದಿತ್ತಾ?"
ಸುಲೀನಾದಿಂದ ಬಂದ ಒಬ್ಬ ಮಾತ್ರ
ಇನ್ನೂ ಉದ್ದದ ಲೆನ್ಸು ಕೊಂಡುಕೋ ಅಂದ.
ಅದು ಸಲಹೆಯಲ್ಲ, ಬೆಲೆಪಟ್ಟಿ.

ಆಮೇಲೆ ಜೂನ್ ಬಂತು.
ನೈದಿಲೆಯ ಎಲೆಗಳ ಮೇಲೆ ರೀವಗಳು ಗೂಡು ಹೂಡುವ ತಿಂಗಳು.
ಎರಡೂ ರೆಕ್ಕೆ ಪೂರ್ತಿ ಬಿಚ್ಚಿ,
ಗರಿ ಗರಿಯೊಳಗೂ ಬಿಸಿಲು ತುಂಬಿ,
ಕೊಕ್ಕು ತೆರೆದು, ಕೆಂಪು ಗಂಟಲು ತೋರಿಸಿ
ಮಸೂರದ ಮೇಲೇ ಎರಗಿದ ರೀವ.
ಬೇಕರಿಯವರು ಒಂದು ಪ್ರತಿ ಕೇಳಿದರು.
ಟೀಚರ್ ಮಕ್ಕಳನ್ನು ಕರೆತಂದರು.
ನಿಕೀಫೊರ್ ಏನೂ ಅನ್ನಲಿಲ್ಲ;
ಅವನ ಬಾಯಿ ಕಟ್ಟಿದೆನೆಂದು
ಹತ್ತು ದಿನ ನೆಲದ ಮೇಲೆ ನಡೆಯಲಿಲ್ಲ ನಾನು.

ಮೀನಿಗೆ ಉಪ್ಪು ಸವರುವ ಪರಸ್ಕೇವಾಗೆ ಕಣ್ಣು ಮಂಜು.
ಕೈ ಒರೆಸಿಕೊಂಡು, ಚಿತ್ರವನ್ನು ಮೂಗಿಗೆ ಹಿಡಿದಳು.
"ಇದು ಹಾರ್ತಾ ಇಲ್ಲ ಮಗಳೇ.
ನಿನ್ನ ಬೈತಾ ಇದೆ.
ಗೂಡು ಎಷ್ಟು ದೂರ ಇತ್ತು?"

ಮೂರು ಮಾರು, ಅಂದೆ.

"ಎಷ್ಟು ಹೊತ್ತು ಕೂತಿದ್ದೆ?"

ನೆತ್ತಿಯ ಮೇಲೆ ಸೂರ್ಯನಿದ್ದ.
ಎಲೆಯ ಮೇಲೆ ಮೂರು ಮೊಟ್ಟೆ, ನೆರಳಿಲ್ಲದೆ.
ಹೇಳಲಿಲ್ಲ. ಅವಳೂ ಮತ್ತೆ ಕೇಳಲಿಲ್ಲ.
ಉಪ್ಪಿನ ಡಬ್ಬಿಗೆ ಕೈ ಹಾಕಿದಳು.

ಹರಿಯಲಿಲ್ಲ ಆ ಚಿತ್ರವನ್ನು.
ತಿರುಗಿಸಿ ಸಿಕ್ಕಿಸಿದೆ, ಬಿಳಿ ಬೆನ್ನು ಮುಂದೆ.
ಯಾಕೆಂದು ಕೇಳಿದವರಿಗೆ ಹೇಳುತ್ತೇನೆ,
ಕೇಳದವರಿಗೂ.
ಆ ಗೂಡು ಏನಾಯಿತೆಂದು ನನಗೆ ಗೊತ್ತಿಲ್ಲ,
ಹೋಗಿ ನೋಡಿದರೆ ಮತ್ತೆ ಅದೇ ತಪ್ಪು.

ಈ ವರ್ಷದ ಚಿತ್ರ ಒಂದೇ.
ಬಹಳ ನೀರು, ಬಹಳ ಎಲೆ,
ದೋಣಿಯನ್ನು ಜೊಂಡಿನೊಳಗೆ ಮರೆಮಾಡಿ, ಅಷ್ಟು ದೂರದಿಂದ.
ನಿಕೀಫೊರ್ ಬುಟ್ಟಿ ಹೊತ್ತೇ ಹುಡುಕಿದ:
"ಇದರಲ್ಲಿ ಹಕ್ಕಿ ಎಲ್ಲಿ?"

ಬೆರಳು ತೋರಿಸಿದೆ.
ಬಗ್ಗಿದ. ಅಕ್ಕಿಕಾಳಿನಷ್ಟು ಬೂದು,
ನಮಗೆ ಬೆನ್ನು ಕೊಟ್ಟು, ರೆಕ್ಕೆಯಲ್ಲಿ ತಲೆ ಹುದುಗಿಸಿ.

"ಓ, ಮಲಗಿದೆ" ಅಂದ
ದನಿ ತಗ್ಗಿಸಿ,
ಬುಟ್ಟಿಯನ್ನು ಸದ್ದಾಗದಂತೆ
ತಕ್ಕಡಿಗೆ ಇಳಿಸಿದ.