ಎಡದವಡೆಯ ಸುಳಿ

ಅರಸೀಕೆರೆಯ ರೈಲ್ವೆ ಗೇಟಿನಾಚೆ ನನ್ನ ಅಂಗಡಿ.
ಬೋರ್ಡಿನ ಮೇಲೆ ಅಪ್ಪನ ಹೆಸರೇ ಇದೆ, ರಂಗಧಾಮಯ್ಯ.
ಅಪ್ಪ ಹೋಗಿ ಇಪ್ಪತ್ತಾರು ವರ್ಷ.
ಗಿರಾಕಿಗಳು ನನ್ನನ್ನೂ ಹಾಗೇ ಕರೆಯುತ್ತಾರೆ,
ನಾನೂ ಓಗೊಡುತ್ತೇನೆ.

ಮುದ್ದುವೀರಪ್ಪನ ಗಲ್ಲ ನನಗೆ ಗೊತ್ತಿದ್ದಷ್ಟು
ಅವನ ಹೆಂಡತಿಗೂ ಗೊತ್ತಿಲ್ಲ ಅಂದುಕೊಂಡಿದ್ದೆ.
ಎಡದವಡೆಯ ಕೆಳಗೊಂದು ಸುಳಿ,
ಅಲ್ಲಿ ಕೂದಲು ಮೇಲುಮುಖವಾಗಿ ಹುಟ್ಟುತ್ತಿತ್ತು.
ಉಸಿರು ಹಿಡಿದು ಎದುರು ಕತ್ತಿ ಆಡಿಸಬೇಕು.

ಹಗಲು ಅವನು ಗ್ಯಾಂಗ್‌ಮನ್.
ಸುತ್ತಿಗೆ ಹೊತ್ತು ಬಾಣಾವರದವರೆಗೆ
ಹಳಿಯ ಕೀಲಿ ಬಡಿಯುತ್ತಾ ನಡೆಯುವವನು.
ಆಟವಿದ್ದ ಸಂಜೆ ಬಂದು ಕುರ್ಚಿಯಲ್ಲಿ ಕೂತು
ಕತ್ತು ಹಿಂದಕ್ಕೆ ಚೆಲ್ಲಿ
'ದ್ರೌಪದಿ' ಅನ್ನುವನು. ಅಷ್ಟೇ ಮಾತು.
ದ್ರೌಪದಿಗೆ ಎರಡು ಸಲ ಕತ್ತಿ.
ಶಶಿರೇಖೆಗೆ ಮೂರು, ಮದುವಣಗಿತ್ತಿ ಅಲ್ಲವಾ.
ಕಯಾದುವಿಗೆ ಒಂದೇ ಸಾಕು:
'ಮಗನಿಗೆ ವಿಷ ಕುಡಿಸೋ ತಾಯಿ ಕಣೋ,
ಗಲ್ಲ ನುಣುಪಾಗಿದ್ರೆ ಯಾರು ನಂಬ್ತಾರೆ?'

ಪಟಿಕ ತಿಕ್ಕಿ, ಕೊಬ್ಬರಿ ಎಣ್ಣೆ ಸವರಿ,
ಬಣ್ಣದ ಮನೆಗೆ ನಾನೂ ಹೋಗುತ್ತಿದ್ದೆ ಟ್ರಂಕು ಹೊತ್ತು.
ಸಫೇದಿಗೆ ಅರದಾಳ ಕಲಸಿ ಬಳಿದುಕೊಂಡು
ಕನ್ನಡಿಯೊಳಗೆ ಯಾರೋ ದೂರದಿಂದ
ನಡೆದು ಬರುತ್ತಿರುವ ಹಾಗೆ ಕಾಯುತ್ತಾ ಕೂರುವನು.
ಬಂದಳೋ ಇಲ್ಲವೋ, ಸೆರಗಿಗೆ ಪಿನ್ನು ಚುಚ್ಚುವಾಗ
ನನಗೆ ತಿಳಿಯುತ್ತಿತ್ತು.
ಬಂದಿದ್ದರೆ 'ಏನ್ಲಾ' ಅನ್ನುತ್ತಿರಲಿಲ್ಲ,
'ಅಣ್ಣಾ, ಬಿಗಿಯಾಯ್ತು' ಅನ್ನುವನು.

ಕಣಕಟ್ಟೆಯಲ್ಲಿ ಒಬ್ಬ ಗುತ್ತಿಗೆದಾರ
ಕುಡಿದು ರಂಗ ಹತ್ತಿ ಸೀರೆಗೆ ಕೈ ಹಾಕಿದ,
ದುಶ್ಶಾಸನ ಇನ್ನೂ ಬೀಡಿ ಸೇದುತ್ತಿದ್ದ.
ಮುದ್ದುವೀರಪ್ಪ ಹಳಿ ಎತ್ತುವ ತೋಳಿನವನು,
ಒಂದು ಕೊಟ್ಟಿದ್ದರೆ ಮುಗಿಯುತ್ತಿತ್ತು.
ಕೊಡಲಿಲ್ಲ. ತಲೆ ತಗ್ಗಿಸಿ ನಿಂತ.
ಆಮೇಲೆ ಕೇಳಿದೆ. 'ಅವಳು ಹೊಡೀತಿರ್ಲಿಲ್ಲ' ಅಂದ.

ಬೆಳಗ್ಗೆ ಕಣ್ಣಂಚಿನ ಕಾಡಿಗೆ ಪೂರ್ತಿ ಹೋಗಿರಲಿಲ್ಲವೆಂದು
ಇನ್ಸ್‌ಪೆಕ್ಟರ್ ಒಂದು ದಿನದ ಸಂಬಳ ಹಿಡಿದ.

ಒಂದು ಸಲ ಜಪಾನಿನಿಂದ ಒಬ್ಬ ಹುಡುಗಿ ಬಂದಿದ್ದಳು
ಮೂಡಲಪಾಯ ನೋಡಲು, ಜೊತೆಗೊಬ್ಬ ಮೈಸೂರಿನ ಮೇಷ್ಟ್ರು.
ನನ್ನ ಅಂಗಡಿಯಲ್ಲೇ ಕೂತು ಒಂದು ಪಟ ತೋರಿಸಿದಳು:
ಎಪ್ಪತ್ತರ ಮುದುಕ, ಹರೆಯದ ಹೆಣ್ಣಿನ ವೇಷ,
ಹುಬ್ಬಿನ ಮೇಲೆ ಮೇಣ, ಕತ್ತಿಗೆ ಸುಣ್ಣದ ಬಿಳುಪು.
ಅವನ ಹೆಸರು ಅವನದಲ್ಲವಂತೆ,
ಅಪ್ಪನದು, ಅಜ್ಜನದು, ಇವನು ಐದನೆಯವನಂತೆ.
ಜನರ ನಡುವಿನ ಹಲಗೆಯ ಮೇಲೆ ಅವನು ಬರುವಾಗ
ಸರಿಯಾದ ಗಳಿಗೆ ನೋಡಿ ಕತ್ತಲಿಂದ ಯಾರೋ
ಅವನ ಮನೆತನವನ್ನು ಕೂಗುತ್ತಾರಂತೆ.
ಮುದ್ದುವೀರಪ್ಪ ಪಟವನ್ನು ಬೆಳಕಿಗೆ ಹಿಡಿದು
ಬಹಳ ಹೊತ್ತು ನೋಡಿದ.
'ಇವರಿಗೆ ಕ್ಷೌರ ಯಾರು ಮಾಡ್ತಾರೆ, ಕೇಳಿ' ಅಂದ.
ಮೇಷ್ಟ್ರು ನಕ್ಕರು. ಹುಡುಗಿ ಬರೆದುಕೊಂಡಳು.

ಆಟ ನಿಂತಿತು. ನೌಕರಿಯೂ ಮುಗಿಯಿತು.
ಮೂವತ್ತೆರಡು ವರ್ಷದ ಮೇಲೆ ಮೀಸೆ ಬಿಟ್ಟ.
ಬಂದದ್ದೇ ಬಿಳಿ ಬಂತು.
ಆ ಮೀಸೆ ಹೊತ್ತು ಸಂತೆಗೆ ಹೊರಟರೆ
ಸಾಲದಲ್ಲಿ ತಂದ ಟೋಪಿ ಹಾಕಿಕೊಂಡವನಂತೆ ಕಾಣುವನು.

ಮೊನ್ನೆ ಕಾರ್ತೀಕದಲ್ಲಿ ಜ್ವರ, ಮೂರೇ ದಿನ.
ಹೇಳಿ ಕಳಿಸಿದರು, ಪೆಟ್ಟಿಗೆ ತಗೊಂಡು ಹೋದೆ.
ಅವರಲ್ಲಿ ಕೂರಿಸುತ್ತಾರಲ್ಲ,
ಗೋಡೆಗೊರಗಿಸಿ ಹಣೆಗೆ ವಿಭೂತಿ ಹಚ್ಚಿದ್ದರು.
ಥೇಟು ಬಣ್ಣದ ಮನೆ.
ಸಿದ್ದಗಂಗಮ್ಮ ಅಳುತ್ತಿರಲಿಲ್ಲ.
'ಮೀಸೆ ತೆಗಿಯಪ್ಪ,' ಅಂದಳು,
'ಯಾರೋ ಗಂಡಸು ಬಂದು ಕೂತಂಗಿದೆ.'

ತೆಗೆದೆ. ಕತ್ತು ಹಿಂದಕ್ಕೆ ಬರಲಿಲ್ಲ,
ನಾನೇ ಮಂಡಿಯೂರಿ ಕೆಳಗಿನಿಂದ ಕತ್ತಿ ಹಿಡಿದೆ.
ಆ ಸುಳಿ ಈಗಲೂ ಎದುರು ನಿಂತಿತ್ತು.
ಒಂದು ಸಲ ಆಯಿತು. ಎರಡೂ ಆಯಿತು.
ಯಾವ ಪಾತ್ರ ಅಂತ ಯಾರನ್ನು ಕೇಳಲಿ?
ಕತ್ತಿ ಒರೆಸಿ ಮಡಚಲು ಹೋದೆ.

ಬೆನ್ನ ಹಿಂದಿಂದ ಅವಳು
ಸಣ್ಣಗೆ, ನನಗಷ್ಟೇ ಕೇಳುವ ಹಾಗೆ,
'ಮೂರು' ಅಂದಳು.