ಪಕ್ಕದ ಮನೆಯ ಮುದ್ರೆ

ಅವೊಸ್ತಾ ಕಣಿವೆಯ ತುದಿಯಲ್ಲಿ, ರಸ್ತೆಯೂ ದಣಿದು ಕೂತಲ್ಲಿ,
ಊರಿಗೆಲ್ಲ ಒಂದೇ ಬ್ರೆಡ್ಡಿನೊಲೆ.
ವರ್ಷಕ್ಕೊಮ್ಮೆ, ನವೆಂಬರಿನಲ್ಲಿ, ಹೊತ್ತುತ್ತದೆ.
ಮೂರು ಹಗಲು ಮೂರು ಇರುಳು
ಸರದಿಯ ಮೇಲೆ ಎಲ್ಲರ ಹಿಟ್ಟೂ ಅದರ ಬಾಯಿಗೆ.
ಆಮೇಲೆ ಮುಂದಿನ ವರ್ಷದವರೆಗೆ ಅದು ಬಾಯಿ ಬಿಡುವುದಿಲ್ಲ.

ಬೆಂದ ರೈ ಬ್ರೆಡ್ಡು ಅಟ್ಟದ ಮರದ ಚೌಕಟ್ಟಿನಲ್ಲಿ
ಸಾಲಾಗಿ ನಿಂತು ಒಣಗುತ್ತದೆ.
ಕ್ರಿಸ್‌ಮಸ್ಸಿಗೆ ಗಟ್ಟಿ. ಫೆಬ್ರವರಿಗೆ ಹಲಗೆ.
ಮಾರ್ಚಿಗೆ ಹೇಗಿರುತ್ತದೆಂದು
ನನ್ನ ಮೈದುನ ಎಮೆರಿಕ್‌ನ ಮುಂದಿನ ಹಲ್ಲನ್ನು ಕೇಳಿ.

ಟ್ಯೂರಿನ್ನಿನಿಂದ ಸೊಸೆಯಾಗಿ ಬಂದ ಹೊಸತರಲ್ಲಿ
"ಇದನ್ನು ಕೋಳಿಗೆ ಹಾಕಲೇ?" ಎಂದಿದ್ದೆ.
"ಕೋಳಿ ಅಂಥಾ ಪುಣ್ಯ ಏನು ಮಾಡಿತ್ತು?"
ಎಂದಿದ್ದಳು ಅತ್ತೆ ಸೆಸರೀನ್.

ಈ ಮಾರ್ಚಿಗೆ ಉಳಿದದ್ದು ಒಂದೇ,
ಗೋಡೆಗೆ ಒತ್ತಿಕೊಂಡು, ಕಟ್ಟಕಡೆಯಲ್ಲಿ.
ತಿರುವಿ ನೋಡಿದರೆ ಬೆನ್ನ ಮೇಲೆ
ನಮ್ಮ ಮನೆಯ ಕೊಡಲಿ ಮುದ್ರೆ ಇಲ್ಲ.
ಎರಡು ಮೀನು.
ಪಕ್ಕದ ಡೆಲ್ಫೀನಳ ಮನೆಯದು.

ಗದ್ದಲದಲ್ಲಿ, ಹೊಗೆಯಲ್ಲಿ, ಯಾರದೋ ಹಲಗೆಗೆ
ಯಾರದೋ ಬ್ರೆಡ್ಡು ಬಂದು ಕೂತಿದೆ.
ಕಾಲುವೆ ನೀರಿನ ಸರದಿಗೆ ಜಗಳವಾಗಿ
ಹನ್ನೊಂದು ವರ್ಷ, ಎರಡು ಮನೆಗೂ ಮಾತಿಲ್ಲ ಕತೆಯಿಲ್ಲ.
ಹಸಿ ಹಿಟ್ಟಿಗೆ ಆ ಮೀನನ್ನು ಒತ್ತಿದವನು ಗ್ರತಿಯನ್,
ಅವಳ ಗಂಡ.
ಜನವರಿಯಲ್ಲಿ ತೀರಿಕೊಂಡ.
ನೆಲ ಹೆಪ್ಪುಗಟ್ಟಿ ಗುದ್ದಲಿ ಇಳಿಯದೆ
ಎರಡು ದಿನ ಕಾದು ಮಣ್ಣು ಮಾಡಿದರು.
ನಮ್ಮ ಮನೆಯವರು ಹೋದದ್ದು
ಕಿಟಕಿಯವರೆಗೆ.

ಅತ್ತೆ ಏನೂ ಹೇಳಲಿಲ್ಲ.
ಒಂಬತ್ತು ಈರುಳ್ಳಿ ತೆಗೆದಳು; ಕೆಲವು ಮೊಳೆತವು,
ಕೆಲವು ಅರ್ಧ ಕೊಳೆತವು.
ಹೆಚ್ಚುತ್ತ ನನ್ನ ಕಣ್ಣು ಧಾರೆ.
ಅವಳದು ನಲವತ್ತು ವರ್ಷ ಹೊಗೆ ಕುಡಿದ ಕಣ್ಣು,
ಒಂದು ಹನಿಯೂ ಇಲ್ಲ.
"ಉರಿ ಸಣ್ಣಗಿರಲಿ. ನಿನ್ನ ಅವಸರ
ಈರುಳ್ಳಿಗೆ ಗೊತ್ತಾಗಬಾರದು."
ಬೆಣ್ಣೆಯಲ್ಲಿ ಮೊದಲು ನೀರು ಬಿಟ್ಟಿತು,
ಬಾಡಿ ಗಾಜಾಯಿತು, ಆಮೇಲೆ ಜೇನು,
ಗಂಟೆ ಕಳೆದ ಮೇಲೆ
ಮಾವನ ಹಳೇ ಪಿಟೀಲಿನ ಬಣ್ಣ.

ಹಲಗೆಗೆ ಕೀಲು ಹಾಕಿದ ಕತ್ತಿ ನಮ್ಮದು.
ನಾನು ಹಿಡಿದೆ, ಅವಳು ಮೈಭಾರ ಹಾಕಿ ಅಮುಕಿದಳು.
ಟಕ್. ಟಕ್.
ಒಂದು ಚೂರು ಸಿಡಿದು ಬೆಕ್ಕು ಹೆದರಿ ಓಡಿತು.
ಮೀನಿದ್ದ ತುಂಡನ್ನು ಬೇರೆ ಇಟ್ಟಳು.

ಮಣ್ಣಿನ ಅಗಲ ಪಾತ್ರೆಗೆ ಬ್ರೆಡ್ಡು, ಅದರ ಮೇಲೆ ಈರುಳ್ಳಿ,
ಫೊಂಟೀನಾ ಚೀಸಿನ ಹೋಳು, ಮತ್ತೆ ಬ್ರೆಡ್ಡು,
ಮೂಳೆ ಕುದಿಸಿದ ಸಾರು ಹೊಯ್ದಳು. ಕುಡಿಯಿತು.
ಇನ್ನೂ ಹೊಯ್ದಳು. ಅದನ್ನೂ.
ನಾಲ್ಕು ತಿಂಗಳ ದಾಹ.
ಎಲ್ಲಕ್ಕೂ ಮೇಲೆ, ನಟ್ಟನಡುವೆ,
ಆ ಎರಡು ಮೀನು.

ಒಲೆಯಿಂದ ಈಚೆ ಬಂದಾಗ ಅಂಚಿನಲ್ಲಿ ಕೊತಕೊತ,
ಮೇಲೆ ಕಂದು ಚಕ್ಕೆ.
ಎಮೆರಿಕ್ ಚಮಚ ಹಿಡಿದು ಕೂತೇ ಇದ್ದ.
ಅತ್ತೆ ಪಾತ್ರೆಗೆ ಬಟ್ಟೆ ಸುತ್ತಿ, ಬೂಟು ಹಾಕಿಕೊಂಡು,
"ಬಾಗಿಲು ತೆಗಿ" ಎಂದಳು.

ಹದಿನೇಳು ಹೆಜ್ಜೆ. ಲಾಟೀನು ನನ್ನ ಕೈಯಲ್ಲಿ.
ಡೆಲ್ಫೀನ್ ಕದ ತೆರೆದು, ನಮ್ಮನ್ನಲ್ಲ,
ಪಾತ್ರೆಯನ್ನು ನೋಡಿದಳು.
ಕರಗಿದ ಚೀಸಿನ ನಡುವೆ ಮೀನೆರಡೂ
ಅಂಚು ಕಪ್ಪಾಗಿ, ಈಜುತ್ತಿದ್ದ ಹಾಗೆ.
ಬಹಳ ಹೊತ್ತು.
ಆಮೇಲೆ ಬರಿಗೈ ಚಾಚಿದಳು.

"ಬಿಸಿ," ಎಂದಳು ಅತ್ತೆ.
ಹನ್ನೊಂದು ವರ್ಷದಲ್ಲಿ ಮೊದಲ ಮಾತು.

ರಾತ್ರಿ ನಾವು ಬೇಯಿಸಿದ ಆಲೂಗಡ್ಡೆ ತಿಂದೆವು.
ಎಮೆರಿಕ್ ಗೊಣಗಿದ್ದನ್ನು ಇಲ್ಲಿ ಬರೆಯಲಾರೆ.

ಬೆಳಿಗ್ಗೆ ಅವರ ಮೊಮ್ಮಗಳು ಬಂದಳು.
ತಿಕ್ಕಿ ತೊಳೆದ ಪಾತ್ರೆ, ಒಳಗೆ ಮೂರು ಈರುಳ್ಳಿ,
ಕೊಳೆಯದ್ದು, ಗಟ್ಟಿ.
ಪಾತ್ರೆಯನ್ನು ಬರಿದು ಮರಳಿಸುವ ಪದ್ಧತಿ ಈ ಕೇರಿಯಲ್ಲಿಲ್ಲ.
"ಉಪ್ಪು ಕಮ್ಮಿಯಾಗಿತ್ತಂತೆ. ಅಜ್ಜಿ ಹೇಳು ಅಂದಳು."

"ಸರಿಯಾಗೇ ಇತ್ತು!"
ಎಂದು ಕೂಗಿದಳು ಅತ್ತೆ,
ಹುಡುಗಿ ಎದುರಿಗೇ ಇದ್ದರೂ,
ಗೋಡೆಯ ಕಡೆಗೆ ತಿರುಗಿ.